ಗಣಕಜಾಲದಲ್ಲಿ ಬದಲಿ ಹಾದಿ: ಶಿಕಾರಿಪುರ–ಸೊರಬ ಸೀಮೆಯನ್ನು ನಿದರ್ಶನವಾಗಿಟ್ಟುಕೊಂಡು ಒಂದು ವಿವೇಚನೆ

ಪಹಣಿಯ ನಕಲಿಗಾಗಿ ಶಿಕಾರಿಪುರದ ಅಥವಾ ಸೊರಬದ ತಾಲ್ಲೂಕು ಕಚೇರಿಗೆ ಬರುವ ರೈತನ ಕೆಲಸವು ಇಂದು ಎರಡು ಸಂಗತಿಗಳನ್ನು ಅವಲಂಬಿಸಿದೆ. ಅವನ ಜಮೀನಿನ ದಾಖಲೆ ಸರಿಯಾಗಿರಬೇಕೆಂಬುದು ಮೊದಲನೆಯದು. ಇದು ಹಿಂದಿನಿಂದಲೂ ಇದ್ದದ್ದೇ. ಆ ದಾಖಲೆಯನ್ನು ಇಟ್ಟುಕೊಂಡಿರುವ ದೂರದ ಗಣಕಯಂತ್ರದವರೆಗೆ ಆ ಹೊತ್ತಿನಲ್ಲಿ ಹಾದಿ ತೆರೆದಿರಬೇಕೆಂಬುದು ಎರಡನೆಯದು, ಇದು ಹೊಸದು. ಕರ್ನಾಟಕದ ಭೂದಾಖಲೆಗಳು ‘ಭೂಮಿ’ ಯೋಜನೆಯ ಮೂಲಕ ಗಣಕಕ್ಕೆ ಏರಿದ ಕಾಲದಲ್ಲಿ, ಎಂದರೆ 2001ರ ಸುಮಾರಿನಲ್ಲಿ, ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳು ಕೈಬರಹದಿಂದ ಯಂತ್ರಕ್ಕೆ ಬಂದವು. ಆಗ ಆಯಾ ತಾಲ್ಲೂಕಿನ ದಾಖಲೆಯು ಆಯಾ ತಾಲ್ಲೂಕು ಕಚೇರಿಯ ಗಣಕದಲ್ಲಿಯೇ ಇರುತ್ತಿದ್ದುದರಿಂದ ಹೊರಗಿನ ತಂತಿ ಕಡಿದುಹೋದರೂ ಒಳಗಿನ ಕೆಲಸ ನಿಲ್ಲುತ್ತಿರಲಿಲ್ಲ. ಕಾಲಕ್ರಮದಲ್ಲಿ ದಾಖಲೆಗಳೆಲ್ಲ ಕೇಂದ್ರಸ್ಥಾನವನ್ನು ಸೇರಿದವು. ಇದರಿಂದಾದ ಅನುಕೂಲಗಳು ಸಾಮಾನ್ಯವಾದುವಲ್ಲ; ಆದರೆ ದಾಖಲೆ ದೂರ ಹೋದಂತೆಲ್ಲ ಹಾದಿಯ ಬೆಲೆ ಹೆಚ್ಚಿತು. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚಿನ ತಾಳೆ ನೋಡುವುದಕ್ಕೂ, 2023ರಲ್ಲಿ ಜಾರಿಗೆ ಬಂದ ಕಾವೇರಿ 2.0 ವ್ಯವಸ್ಥೆಯಲ್ಲಿ ಪತ್ರ ನೋಂದಣಿ ಮಾಡಿಸುವುದಕ್ಕೂ ಇದೇ ಮಾತು ಸಲ್ಲುತ್ತದೆ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತನ್ನು ಕೇಳಿ ಒಂದು ದಿನದ ಕೂಲಿಯನ್ನೂ ಬಸ್ಸಿನ ಹಣವನ್ನೂ ಕಳೆದುಕೊಂಡು ಚಂದ್ರಗುತ್ತಿಗೋ ಜಡೆಗೋ ಹಿಂದಿರುಗುವವನಿಗೆ ತಿಳಿಯದ ಸಂಗತಿಯೆಂದರೆ, ಅನೇಕ ವೇಳೆ ಸರ್ವರು ತನ್ನ ಸ್ಥಾನದಲ್ಲಿ ಕ್ಷೇಮವಾಗಿಯೇ ಇರುತ್ತದೆ. ಕೆಟ್ಟಿರುವುದು ನಡುವಣ ಹಾದಿ.

ಈ ಹಾದಿಯನ್ನು ಕಾಯುವ ಯಂತ್ರಕ್ಕೆ ರೂಟರ್ ಎಂದು ಹೆಸರು. ಒಂದು ಜಾಲದಿಂದ ಬಂದ ಪ್ಯಾಕೆಟ್ಟುಗಳನ್ನು, ಎಂದರೆ ಸಂದೇಶದ ತುಣುಕುಗಳನ್ನು, ವಿಳಾಸ ನೋಡಿ ಮುಂದಿನ ಜಾಲಕ್ಕೆ ದಾಟಿಸುವುದು ಅದರ ವೃತ್ತಿ. ಕೆಲವರು ಇದನ್ನು ‘ಮಾರ್ಗದರ್ಶಕ’ ಎಂದು ಕನ್ನಡಿಸಿದ್ದಾರೆ. ಆದರೆ ಕಚೇರಿಯಲ್ಲಿಯೂ ಅಂಗಡಿಯಲ್ಲಿಯೂ ರೂಟರ್ ಎಂಬ ಶಬ್ದವೇ ನೆಲೆಗೊಂಡಿರುವುದರಿಂದ ನಾವೂ ಅದನ್ನೇ ಬಳಸುವೆವು. ರೂಟರು ಕೆಟ್ಟಾಗ, ಅಥವಾ ಅದರಿಂದ ಹೊರಡುವ ತಂತಿ ಕಡಿದಾಗ, ಮನುಷ್ಯರ ಕೈ ಸೋಕದೆಯೇ ಇನ್ನೊಂದು ರೂಟರು ಅಥವಾ ಇನ್ನೊಂದು ತಂತಿ ಆ ಕಾರ್ಯವನ್ನು ವಹಿಸಿಕೊಳ್ಳುವಂತೆ ಮಾಡುವುದು ಹೇಗೆ, ಮತ್ತು ಹಾಗೆ ಮಾಡಿದೆವೆಂದು ನಂಬಿರುವ ಅನೇಕ ಕಡೆಗಳಲ್ಲಿ ಅದು ಸಮಯಕ್ಕೆ ಏಕೆ ಒದಗುವುದಿಲ್ಲ ಎಂಬುದು ಪ್ರಕೃತ ಲೇಖನದ ವಿಷಯ.

ಎರಡಿದ್ದರೆ ಸಾಲದು

ಮೊದಲು ಭೂಪಟವನ್ನು ನೋಡೋಣ. ಶಿವಮೊಗ್ಗದಿಂದ ಸವಳಂಗದ ಮೇಲೆ ಶಿಕಾರಿಪುರಕ್ಕೂ, ಅಲ್ಲಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೂ ರಸ್ತೆಯಿದೆ. ಸೊರಬದಿಂದ ಸಾಗರಕ್ಕೆ ಇನ್ನೊಂದು ರಸ್ತೆ. ಸಾಗರದಿಂದ ಆನಂದಪುರ, ಕುಂಸಿಗಳ ಮೇಲೆ ಮರಳಿ ಶಿವಮೊಗ್ಗಕ್ಕೆ ಹೆದ್ದಾರಿ. ಹೀಗೆ ಶಿವಮೊಗ್ಗ, ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಸಾಗರ ಎಂಬ ಐದು ಊರುಗಳು ಒಂದು ಉಂಗುರದ ಮೇಲೆ ಕುಳಿತಿವೆ. ಇದು ರಸ್ತೆಗಳ ನಕ್ಷೆಯೇ ಹೊರತು ಭೂಮಿಯಲ್ಲಿ ಹೂತಿರುವ ಕೇಬಲ್ಲುಗಳ ನಕ್ಷೆಯಲ್ಲ. ವಿವೇಚನೆಯ ಅನುಕೂಲಕ್ಕಾಗಿ ಕೇಬಲ್ಲುಗಳು ರಸ್ತೆಯ ಅಂಚನ್ನೇ ಹಿಡಿದು ಹೋಗುವುವೆಂದು ಭಾವಿಸೋಣ. ವಾಸ್ತವದಲ್ಲಿಯೂ ಹಾಗಿರುವುದು ಬಹು ಸಾಮಾನ್ಯ.

ಐದು ಊರುಗಳನ್ನು ಪರಸ್ಪರ ಕೂಡಿಸಲು ನಾಲ್ಕು ತಂತಿಗಳು ಸಾಕು. ಶಿವಮೊಗ್ಗದಿಂದ ಒಂದು ಕೊಂಬೆ ಸಾಗರಕ್ಕೂ ಇನ್ನೊಂದು ಕೊಂಬೆ ಶಿಕಾರಿಪುರ, ಶಿರಾಳಕೊಪ್ಪಗಳ ಮೂಲಕ ಸೊರಬಕ್ಕೂ ಚಾಚಿದರೆ ಕೆಲಸ ಮುಗಿಯಿತು. ಈ ರೀತಿಯ ಜಾಲದಲ್ಲಿ ಶಿಕಾರಿಪುರದ ಬಳಿ ಚರಂಡಿ ತೋಡುವ ಯಂತ್ರವೊಂದು ಕೇಬಲ್ಲನ್ನು ಕಡಿದರೆ ಶಿರಾಳಕೊಪ್ಪವೂ ಸೊರಬವೂ ಒಟ್ಟಿಗೆ ಕತ್ತಲಾಗುತ್ತವೆ. ಐದನೆಯ ತಂತಿಯೊಂದನ್ನು, ಎಂದರೆ ಸೊರಬ–ಸಾಗರದ ನಡುವಣದನ್ನು, ಹಾಕಿದೆವೋ ಕೊಂಬೆಗಳು ಕೂಡಿ ಉಂಗುರವಾಗುತ್ತದೆ; ಎಲ್ಲಿ ಒಂದು ಕಡೆ ಕಡಿದರೂ ಪ್ರತಿಯೊಂದು ಊರಿಗೂ ಇನ್ನೊಂದು ಬದಿಯಿಂದ ಹಾದಿ ಉಳಿಯುತ್ತದೆ. ಒಂದೇ ಒಂದು ಹೆಚ್ಚಿನ ತಂತಿಯಿಂದ ಇಷ್ಟು ರಕ್ಷಣೆ ದೊರೆಯುವುದು ಆಶ್ಚರ್ಯವೇ ಸರಿ. ಏಕಕಾಲದಲ್ಲಿ ಎರಡು ಕಡೆ ಕಡಿದರೆ ಮಾತ್ರ ಉಂಗುರವು ಎರಡು ತುಂಡಾಗುತ್ತದೆ. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿದ್ದ ಪಾಲ್ ಬ್ಯಾರನ್ 1964ರಲ್ಲಿ ಪ್ರಕಟಿಸಿದ ವರದಿಗಳಲ್ಲಿ ಇದೇ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ, ಅತ್ಯಾವಶ್ಯಕವಾದುದರ ಮೂರು ನಾಲ್ಕು ಪಟ್ಟು ತಂತಿಗಳಿದ್ದರೆ ಜಾಲವು ಭಾರಿ ನಾಶವನ್ನೂ ತಾಳಿಕೊಳ್ಳಬಲ್ಲುದೆಂದು ತೋರಿಸಿದನು. ಅವನ ಕಣ್ಣ ಮುಂದಿದ್ದದ್ದು ಅಣುಯುದ್ಧ. ನಮ್ಮ ಮುಂದಿರುವುದು ಮಲೆನಾಡಿನ ಮಳೆ, ಮುರಿದು ಬೀಳುವ ಮರ, ರಸ್ತೆ ಅಗಲಿಸುವ ಕಾಮಗಾರಿ. ನಮಗೆ ಉಂಗುರವೇ ದೊಡ್ಡ ಭಾಗ್ಯ.

ಭಾರತ ಸರ್ಕಾರವು 2011ರಲ್ಲಿ ಒಪ್ಪಿ, ಮುಂದೆ ‘ಭಾರತ್‌ನೆಟ್’ ಎಂದು ಹೆಸರಿಸಿದ ಯೋಜನೆಯಲ್ಲಿ ಗ್ರಾಮ ಪಂಚಾಯತಿಗಳಿಗೆ ಹೋದ ಕೇಬಲ್ಲುಗಳು ಬಹುಮಟ್ಟಿಗೆ ಕೊಂಬೆಯ ಮಾದರಿಯವು. 2023ರ ಆಗಸ್ಟ್ ತಿಂಗಳಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಗಳ ತಿದ್ದುಪಡಿ ಯೋಜನೆಗೆ ಸಮ್ಮತಿ ದೊರೆತಾಗ ಕೊಂಬೆಯ ಬದಲು ಉಂಗುರವನ್ನು ಸ್ವೀಕರಿಸಿದುದು ಅದರ ಮುಖ್ಯ ಅಂಶಗಳಲ್ಲೊಂದು. ಅನುಭವದಿಂದ ಬಂದ ಈ ತಿದ್ದುಪಡಿ ಸರಿಯಾದದ್ದೆಂದೇ ನಮ್ಮ ಅಭಿಪ್ರಾಯ.

ಇನ್ನು ಲೆಕ್ಕ. ಒಂದು ತಂತಿಯು ನೂರಕ್ಕೆ 99 ಪಾಲು ಹೊತ್ತು ಸರಿಯಾಗಿರುವುದೆಂದು ಇಟ್ಟುಕೊಳ್ಳೋಣ. ಕೇಳಲು ಇದು ಚೆನ್ನಾಗಿದೆ; ಆದರೆ ವರ್ಷದ 8,760 ಗಂಟೆಗಳಲ್ಲಿ ಇದು 87.6 ಗಂಟೆಗಳ ಸ್ತಬ್ಧತೆಯಾಗುತ್ತದೆ. ಪರಸ್ಪರ ಸಂಬಂಧವಿಲ್ಲದ ಅಂತಹ ಎರಡು ತಂತಿಗಳಿದ್ದರೆ ಎರಡೂ ಒಟ್ಟಿಗೆ ಕೆಟ್ಟಿರುವ ಸಂಭವ ಹತ್ತು ಸಾವಿರದಲ್ಲಿ ಒಂದು. ವರ್ಷಕ್ಕೆ ಸುಮಾರು 53 ನಿಮಿಷ. 87 ಗಂಟೆಗಳೆಲ್ಲಿ, 53 ನಿಮಿಷಗಳೆಲ್ಲಿ! ಆದರೆ ಈ ಸೊಗಸಾದ ಗುಣಾಕಾರವೆಲ್ಲ ‘ಪರಸ್ಪರ ಸಂಬಂಧವಿಲ್ಲದ’ ಎಂಬ ಎರಡು ಪದಗಳ ಮೇಲೆ ನಿಂತಿದೆ. ಎರಡು ತಂತಿಗಳೂ ಕಚೇರಿಯ ಬಾಗಿಲಿನಿಂದ ಊರ ಹೊರಗಿನವರೆಗೆ ಒಂದೇ ಕಂದಕದಲ್ಲಿ ಹೋಗುತ್ತವೆ ಎನ್ನೋಣ. ಆ ಸಮಾನ ಭಾಗವು ನೂರಕ್ಕೆ 99.5 ಪಾಲು ಹೊತ್ತು ಸರಿಯಾಗಿರುತ್ತದೆ ಎನ್ನೋಣ. ಆಗ ಅದೊಂದರಿಂದಲೇ ವರ್ಷಕ್ಕೆ 43.8 ಗಂಟೆ ನಷ್ಟ. ಉಳಿದ ದಾರಿಯಲ್ಲಿ ಎರಡಲ್ಲ, ಹತ್ತು ತಂತಿಗಳಿದ್ದರೂ ಈ ಅಂಕಿ ಇಳಿಯುವುದಿಲ್ಲ.

ಬದಲಿ ವ್ಯವಸ್ಥೆಯ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟಿವೆ?’ ಎಂಬುದಲ್ಲ, ‘ಯಾವುದನ್ನು ಹಂಚಿಕೊಂಡಿವೆ?’ ಎಂಬುದು. ಎರಡು ಬೇರೆ ಬೇರೆ ಕಂಪೆನಿಗಳಿಂದ ಸಂಪರ್ಕ ಪಡೆದರೆ ಸಾಕೆಂಬ ನಂಬಿಕೆ ಬಲವಾಗಿದೆ. ಆದರೆ ಒಂದು ಕಂಪೆನಿಯು ಇನ್ನೊಂದರ ಕೇಬಲ್ಲನ್ನೇ ಬಾಡಿಗೆಗೆ ಪಡೆದಿರಬಹುದು. ಎರಡೂ ಒಂದೇ ಸೇತುವೆಯ ಮೇಲೆ ಹಾಯಬಹುದು. ಬಿಲ್ಲುಗಳು ಎರಡು, ಕೇಬಲ್ಲು ಒಂದು. ಅಂತೆಯೇ ಎರಡು ರೂಟರುಗಳನ್ನು ಕೊಂಡು ತಂದು ಒಂದೇ ಯುಪಿಎಸ್ಸಿಗೆ ಜೋಡಿಸಿ, ಅದರ ಬ್ಯಾಟರಿಯನ್ನು ಮರೆತುಬಿಡುವ ಪದ್ಧತಿಯೂ ಉಂಟು. ಉಂಗುರದ ಎರಡೂ ತುದಿಗಳು ಶಿವಮೊಗ್ಗದಲ್ಲಿ ಒಂದೇ ಕಟ್ಟಡದ ಒಂದೇ ಕೊಠಡಿಯನ್ನು ಸೇರುವುದಾದರೆ, ಸವಳಂಗದ ದಾರಿಗೂ ಸಾಗರದ ದಾರಿಗೂ ಇರುವ ಅಂತರವು ಆ ಕೊಠಡಿಯ ವಿದ್ಯುತ್ತು ಹೋದಾಗ ಪ್ರಯೋಜನಕ್ಕೆ ಬಾರದು.

ಕೋಡಿಯ ದೃಷ್ಟಾಂತ

ಈ ಸೀಮೆಯವರಿಗೆ ಬದಲಿ ಹಾದಿಯ ಕಲ್ಪನೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನವು ಕದಂಬ ಕಾಕುತ್ಸ್ಥವರ್ಮನು ಅಲ್ಲಿಯ ಶಿವಾಲಯದ ಸನ್ನಿಧಿಯಲ್ಲಿ ಕೆರೆ ಕಟ್ಟಿಸಿದುದನ್ನು ಹೇಳುತ್ತದೆ. ಶಾಂತಿವರ್ಮನ ಕಾಲದಲ್ಲಿ, ಐದನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿ ಅದನ್ನು ರಚಿಸಿದನು. ಬಳ್ಳಿಗಾವೆಯ ಪ್ರಸಿದ್ಧ ಕಾಳಾಮುಖ ಮಠದ ಹೆಸರೇ ಕೋಡಿಯಮಠ. ಕೆರೆಯ ಏರಿಗೆ ತೂಬು ಎಷ್ಟು ಅಗತ್ಯವೋ ಕೋಡಿಯೂ ಅಷ್ಟೇ ಅಗತ್ಯ. ನೀರು ಒಂದು ಮಟ್ಟವನ್ನು ಮೀರಿದೊಡನೆ ಕೋಡಿ ಹರಿಯುತ್ತದೆ. ನೀರುಗಂಟಿ ನಿದ್ರೆಯಲ್ಲಿದ್ದರೂ ಹರಿಯುತ್ತದೆ. ನಿರ್ಣಯವನ್ನು ಆಪತ್ತಿನ ಸಮಯದಲ್ಲಿ ಮಾಡುವುದಿಲ್ಲ; ಕಲ್ಲು ಕೂರಿಸಿದ ದಿನವೇ ಮಾಡಿ ಆಗಿರುತ್ತದೆ. ರೂಟರಿನಲ್ಲಿ ಬದಲಿ ವ್ಯವಸ್ಥೆಯನ್ನು ಬರೆಯುವುದೆಂದರೆ ಇದೇ: ಯಾವ ಮಟ್ಟದಲ್ಲಿ, ಯಾವ ದಿಕ್ಕಿಗೆ ಎಂಬುದನ್ನು ಶಾಂತಕಾಲದಲ್ಲಿ ನಿಶ್ಚಯಿಸಿಡುವುದು.

ದೃಷ್ಟಾಂತವು ಇನ್ನೊಂದು ವಿಷಯದಲ್ಲಿಯೂ ಉಪಕಾರಿ. ಕೆರೆಗಳು ಸರಪಳಿಯಂತಿರುವ ಕಡೆ ಮೇಲಿನ ಕೆರೆ ಒಡೆದರೆ ಅದರ ನೀರೆಲ್ಲ ಕೆಳಗಿನ ಕೆರೆಯ ಮೇಲೆ ಬೀಳುತ್ತದೆ, ಅದೂ ಒಡೆಯಬಹುದು. ಜಾಲದಲ್ಲಿಯೂ ಹಾಗೆಯೇ. ಮುಖ್ಯ ತಂತಿಯಲ್ಲಿ ಸೆಕೆಂಡಿಗೆ 100 ಮೆಗಾಬಿಟ್ಟು ಸಾಗುತ್ತಿದ್ದು, ಬದಲಿ ತಂತಿಯ ಶಕ್ತಿ 10 ಮೆಗಾಬಿಟ್ಟು ಮಾತ್ರವಾಗಿದ್ದರೆ, ಹಾದಿ ಬದಲಾದ ಗಳಿಗೆಯಲ್ಲಿಯೇ ಅದು ಕಟ್ಟಿಕೊಳ್ಳುತ್ತದೆ. ಪಹಣಿಯ ಸಣ್ಣ ವಿನಂತಿಯು ಯಾರದೋ ಚಲಚ್ಚಿತ್ರದ ಹಿಂದೆ ಸಾಲುನಿಲ್ಲುತ್ತದೆ. ಆದುದರಿಂದ ಬದಲಿ ಹಾದಿಯ ಮೇಲೆ ಯಾವ ಕಾರ್ಯಗಳಿಗೆ ಪ್ರವೇಶ, ಯಾವುದಕ್ಕೆ ಇಲ್ಲ ಎಂಬ ನಿಯಮವನ್ನೂ ಮೊದಲೇ ಬರೆದಿಡಬೇಕು. ತಾಲ್ಲೂಕು ಕಚೇರಿಯಲ್ಲಿ ಭೂದಾಖಲೆ, ಪ್ರಮಾಣಪತ್ರ, ಪಡಿತರ ಇವು ಮುಂದೆ. ಚಿತ್ರಸಹಿತ ಸಭೆಗಳು ಆ ಹೊತ್ತಿಗೆ ಸುಮ್ಮನಿದ್ದರೆ ಯಾರಿಗೂ ಅನ್ಯಾಯವಾಗದು.

ಹುದ್ದೆಯ ವಿಳಾಸ

ಈಗ ಕಚೇರಿಯ ಒಳಗೆ ಬರೋಣ. ಮೇಜಿನ ಮೇಲಿರುವ ಗಣಕವು ತನ್ನ ಜಾಲದ ಹೊರಗೆ ಏನನ್ನು ಕಳುಹಿಸಬೇಕಾದರೂ ಗೇಟ್‌ವೇ ಎಂದು ಬರೆದಿಟ್ಟಿರುವ ಒಂದೇ ವಿಳಾಸಕ್ಕೆ ಕಳುಹಿಸುತ್ತದೆ. ಅದು ಸತ್ತಿದ್ದರೆ ಇನ್ನೊಂದನ್ನು ಹುಡುಕಿಕೊಳ್ಳುವಷ್ಟು ಬುದ್ಧಿ ಸಾಮಾನ್ಯವಾಗಿ ಅದಕ್ಕಿಲ್ಲ. ಹೀಗಿರಲಾಗಿ ಎರಡನೆಯ ರೂಟರನ್ನು ತಂದಿಟ್ಟರೂ ಅದರ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ.

ಪರಿಹಾರ ಸರಳ. ‘ತಹಸೀಲ್ದಾರರು, ಸೊರಬ’ ಎಂದು ಬರೆದ ಕಾಗದವು ಆ ಹುದ್ದೆಯಲ್ಲಿ ಯಾರಿದ್ದರೂ ಅವರ ಕೈ ಸೇರುತ್ತದೆ. ವರ್ಗಾವಣೆಯಾದುದನ್ನು ಬರೆದವನು ತಿಳಿಯಬೇಕಾಗಿಲ್ಲ. ಹಾಗೆಯೇ ಎರಡು ರೂಟರುಗಳಿಗೂ ತಮ್ಮ ತಮ್ಮ ಸ್ವಂತ ವಿಳಾಸಗಳಿದ್ದು, ಅವಲ್ಲದೆ ಹುದ್ದೆಗೆ ಸೇರಿದ ಮೂರನೆಯ ವಿಳಾಸವೊಂದಿರುತ್ತದೆ. ನಮ್ಮ ಉದಾಹರಣೆಯಲ್ಲಿ ಮೊದಲ ರೂಟರಿನದು 10.20.1.2, ಎರಡನೆಯದರದು 10.20.1.3, ಹುದ್ದೆಯದು 10.20.1.1 ಎಂದಿರಲಿ. ಕಚೇರಿಯ ಗಣಕಗಳೆಲ್ಲ 10.20.1.1 ಎಂಬುದನ್ನು ಮಾತ್ರ ಬಲ್ಲವು. ಆ ಹೊತ್ತಿಗೆ ಕಾರ್ಯನಿರತವಾಗಿರುವ ರೂಟರು ಆ ವಿಳಾಸಕ್ಕೆ ಓಗೊಡುತ್ತದೆ. ಇನ್ನೊಂದು ಸಹಾಯಕವಾಗಿ ಕಾದಿರುತ್ತದೆ. ಐಪಿ ವಿಳಾಸವೊಂದೇ ಅಲ್ಲದೆ ಯಂತ್ರಮಟ್ಟದ ಮ್ಯಾಕ್ ವಿಳಾಸವೂ ಹುದ್ದೆಗೇ ಸೇರಿದ್ದಾದುದರಿಂದ ಪೀಠ ಬದಲಾದುದು ಗಣಕಗಳ ಗಮನಕ್ಕೇ ಬರುವುದಿಲ್ಲ.

ಈ ಏರ್ಪಾಡಿಗೆ ಸಿಸ್ಕೊ ಕಂಪೆನಿಯವರು ಎಚ್‌ಎಸ್‌ಆರ್‌ಪಿ ಎಂಬ ಒಡಂಬಡಿಕೆಯನ್ನು ರೂಪಿಸಿದರು; ಅದರ ವಿವರಣೆ 1998ರ ಮಾರ್ಚಿಯಲ್ಲಿ ಹೊರಬಿತ್ತು. ಎಲ್ಲ ಕಂಪೆನಿಗಳ ಯಂತ್ರಗಳೂ ಪಾಲಿಸಬಹುದಾದ ವಿಆರ್‌ಆರ್‌ಪಿ ಎಂಬುದು ಮರುತಿಂಗಳೇ ಪ್ರಕಟವಾಯಿತು. ಅನಂತರ 2004ರಲ್ಲಿಯೂ 2010ರಲ್ಲಿಯೂ 2024ರಲ್ಲಿಯೂ ಅದು ಪರಿಷ್ಕೃತವಾಗಿದೆ. ನಾವು ವಿಆರ್‌ಆರ್‌ಪಿಯನ್ನೇ ಅನುಸರಿಸುವೆವು. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಟೆಂಡರುಗಳಿಂದ ಬಂದ ಯಂತ್ರಗಳಿರುವ ನಮ್ಮ ಕಚೇರಿಗಳಿಗೆ ಅದೇ ಯುಕ್ತ.

ಇದರ ನಡೆ ಹೀಗೆ. ಪ್ರತಿ ರೂಟರಿಗೂ 1ರಿಂದ 254ರವರೆಗಿನ ಒಂದು ಆದ್ಯತಾಂಕವನ್ನು ಕೊಡುತ್ತೇವೆ. ಕೊಡದಿದ್ದರೆ 100 ಎಂದೇ ಭಾವನೆ. ಹೆಚ್ಚಿನ ಅಂಕದ್ದು ಪೀಠವನ್ನೇರುತ್ತದೆ. ಏರಿದ ರೂಟರು ಸೆಕೆಂಡಿಗೊಮ್ಮೆ 224.0.0.18 ಎಂಬ ಗುಂಪಿನ ವಿಳಾಸಕ್ಕೆ ‘ನಾನಿದ್ದೇನೆ’ ಎಂದು ಸಾರುತ್ತಿರುತ್ತದೆ. ಸಾರುವಿಕೆ ನಿಂತರೆ ಸಹಾಯಕವು ಮೂರು ಅವಧಿಗಳವರೆಗೆ ಕಾಯುತ್ತದೆ; ಅದರ ಮೇಲೆ ಇನ್ನೊಂದಿಷ್ಟು ಹೊತ್ತು ಕಾಯುತ್ತದೆ. ಈ ‘ಇನ್ನೊಂದಿಷ್ಟು’ ಎಂಬುದು ಜಾಣ್ಮೆಯ ಸಂಗತಿ. 256ರಿಂದ ತನ್ನ ಆದ್ಯತಾಂಕವನ್ನು ಕಳೆದು 256ರಿಂದ ಭಾಗಿಸಿದರೆ ಬರುವ ಸೆಕೆಂಡುಗಳು ಅದು. ಅಂಕ 100 ಆದರೆ 156ನ್ನು 256ರಿಂದ ಭಾಗಿಸಿ 0.609, ಒಟ್ಟು 3.609 ಸೆಕೆಂಡು. ಅಂಕ 90 ಇರುವ ಮೂರನೆಯ ರೂಟರೊಂದಿದ್ದರೆ ಅದು 3.648 ಸೆಕೆಂಡಿಗೆ ಏಳಬೇಕು; ಆದರೆ ಅಷ್ಟರಲ್ಲಿ 100ರದು ಎದ್ದು ಸಾರಿಬಿಟ್ಟಿರುತ್ತದೆ. ಸಮಾಲೋಚನೆಯಿಲ್ಲದೆ, ಮತದಾನವಿಲ್ಲದೆ, ಕಾಯುವ ಹೊತ್ತಿನ ಕಿಂಚಿತ್ ವ್ಯತ್ಯಾಸದಿಂದಲೇ ಉತ್ತರಾಧಿಕಾರದ ಜಗಳ ತಪ್ಪುತ್ತದೆ. ಕಾರ್ಯನಿರತ ರೂಟರನ್ನು ನಾವೇ ಕ್ರಮವಾಗಿ ನಿಲ್ಲಿಸುವುದಾದರೆ ಅದು ಆದ್ಯತಾಂಕ 0 ಎಂದು ಸಾರಿ ಪೀಠ ಬಿಡುತ್ತದೆ; ಆಗ ಮೂರು ಅವಧಿಗಳ ಕಾಯುವಿಕೆಯೂ ಇಲ್ಲ.

ಜೀವಂತ ರೂಟರು, ಸತ್ತ ಹಾದಿ

ಇಷ್ಟನ್ನು ಬರೆದು ಮುಗಿಸಿದವರು ಕೆಲಸವಾಯಿತೆಂದು ತಿಳಿಯುವುದುಂಟು. ನಿಜವಾದ ತೊಂದರೆ ಇಲ್ಲಿಂದ ಮುಂದೆ. ರೂಟರು ಸಾಯುವುದು ಅಪರೂಪ. ಅದರಿಂದ ಹೊರಡುವ ತಂತಿ ಸಾಯುವುದು ಪದೇ ಪದೇ. ಶಿಕಾರಿಪುರದ ಕಚೇರಿಯಲ್ಲಿ ಮೊದಲ ರೂಟರಿಗೆ ಸವಳಂಗದ ಕಡೆಯ ತಂತಿ, ಎರಡನೆಯದಕ್ಕೆ ಶಿರಾಳಕೊಪ್ಪದ ಕಡೆಯ ತಂತಿ ಇದೆಯೆನ್ನೋಣ. ಸವಳಂಗದ ಬಳಿ ಕೇಬಲ್ಲು ಕಡಿಯಿತು. ಮೊದಲ ರೂಟರು ಜೀವಂತವಾಗಿದೆ. ಕಚೇರಿಯ ಒಳಗೆ ‘ನಾನಿದ್ದೇನೆ’ ಎಂದು ಸಾರುತ್ತಲೇ ಇದೆ. ಎರಡನೆಯದು ಅದನ್ನು ಕೇಳಿ ತೃಪ್ತಿಯಿಂದ ಸುಮ್ಮನಿದೆ. ಎಲ್ಲ ಪ್ಯಾಕೆಟ್ಟುಗಳೂ ಮೊದಲನೆಯದಕ್ಕೆ ಹೋಗಿ ಅಲ್ಲಿಯೇ ಲಯವಾಗುತ್ತಿವೆ. ಬದಲಿ ವ್ಯವಸ್ಥೆ ಪೂರ್ಣವಾಗಿ ಇದ್ದೂ ಕಚೇರಿ ನಿಂತಿದೆ.

ಇದಕ್ಕಾಗಿ ರೂಟರಿನ ಆದ್ಯತಾಂಕವನ್ನು ಅದರ ಹೊರಹಾದಿಯ ಸ್ಥಿತಿಗೆ ಕಟ್ಟಬೇಕು: ಹಾದಿ ಕೆಟ್ಟರೆ ಅಂಕದಿಂದ ಇಷ್ಟು ಕಳೆ ಎಂದು. ಮೊದಲನೆಯದಕ್ಕೆ 120, ಎರಡನೆಯದಕ್ಕೆ 100 ಕೊಟ್ಟು, ಕಳೆಯುವ ಅಂಕವನ್ನು 30 ಎಂದಿಟ್ಟರೆ ಕೆಟ್ಟಾಗ ಮೊದಲನೆಯದು 90ಕ್ಕೆ ಇಳಿಯುತ್ತದೆ. 100ರದು ಪೀಠವನ್ನು ಪಡೆಯುತ್ತದೆ. ಅನೇಕ ಯಂತ್ರಗಳಲ್ಲಿ ಬರೆಯದೆ ಬಿಟ್ಟರೆ ಕಳೆಯುವ ಅಂಕ 10 ಎಂದೇ ಇರುತ್ತದೆ. ಆಗ 120 ಎಂಬುದು 110 ಆಗುತ್ತದೆ, 110 ಎಂಬುದು 100ಕ್ಕಿಂತ ಇನ್ನೂ ಹೆಚ್ಚು, ಏನೂ ಬದಲಾಗುವುದಿಲ್ಲ. ಆದೇಶಗಳೆಲ್ಲ ಬರಹದಲ್ಲಿ ಸರಿಯಾಗಿ ಕಾಣುತ್ತವೆ, ಪರಿಶೀಲನೆಗೆ ಬಂದವರು ಸಹಿ ಹಾಕುತ್ತಾರೆ, ಒಂದು ವ್ಯವಕಲನ ಮಾತ್ರ ಯಾರೂ ಮಾಡಿರುವುದಿಲ್ಲ. ವಿದ್ಯಾರ್ಥಿಗಳು ಈ ಒಂದು ಲೆಕ್ಕವನ್ನು ಕಂಠಸ್ಥ ಮಾಡಿಕೊಳ್ಳುವುದು ಒಳ್ಳೆಯದು.

ಹಾದಿ ಕೆಟ್ಟಿದೆಯೆಂದು ತಿಳಿಯುವುದು ಹೇಗೆ? ತಂತಿಯಲ್ಲಿ ಬರುವ ಬೆಳಕು ನಿಂತರೆ ರೂಟರಿಗೆ ತತ್‌ಕ್ಷಣ ತಿಳಿಯುತ್ತದೆ. ಆದರೆ ರೂಟರಿಗೂ ಹೊರಗಿನ ಕೇಬಲ್ಲಿಗೂ ನಡುವೆ ಕಂಪೆನಿಯವರ ಇನ್ನೊಂದು ಪೆಟ್ಟಿಗೆ ಇರುವುದೇ ವಾಡಿಕೆ. ಪೆಟ್ಟಿಗೆಗೆ ವಿದ್ಯುತ್ತಿರುವವರೆಗೆ ರೂಟರಿನ ಮೇಲಿನ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಅದರಾಚೆ ಕೇಬಲ್ಲು ತುಂಡಾಗಿ ಬಿದ್ದಿದ್ದರೂ ಸರಿ. ಆದುದರಿಂದ ದೀಪವನ್ನು ನಂಬದೆ ಆಚೆಯ ತುದಿಯನ್ನು ಕೂಗಿ ಕೇಳಬೇಕು. ಓಎಸ್‌ಪಿಎಫ್ ಎಂಬ ಹಾದಿ ಹುಡುಕುವ ಪದ್ಧತಿಯಲ್ಲಿ (ಇದು ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಕನಿಷ್ಠ ದೂರದ ಕ್ರಮವನ್ನು ಆಧರಿಸಿದುದು) ನೆರೆಯ ರೂಟರುಗಳು ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಪರಸ್ಪರ ಕುಶಲ ಕೇಳುತ್ತವೆ. 40 ಸೆಕೆಂಡು ಉತ್ತರವಿಲ್ಲದಿದ್ದರೆ ನೆರೆಯವನು ಇಲ್ಲವೆಂದು ತೀರ್ಮಾನಿಸುತ್ತವೆ. 40 ಸೆಕೆಂಡು ಹೆಚ್ಚೆನ್ನಿಸಿದರೆ 2010ರಲ್ಲಿ ನಿರ್ಣಯವಾದ ಬಿಎಫ್‌ಡಿ ಎಂಬ ಕ್ರಮವುಂಟು. 300 ಮಿಲಿಸೆಕೆಂಡಿಗೊಮ್ಮೆ ಕೇಳಿ, ಮೂರು ಸಲ ಉತ್ತರ ತಪ್ಪಿದರೆ ಕೆಟ್ಟಿತೆಂದು ಇಟ್ಟರೆ, ಒಂದು ಸೆಕೆಂಡಿನೊಳಗೆ ತಿಳಿಯುತ್ತದೆ.

ಹಾಗಾದರೆ ಎಲ್ಲ ಕಡೆಯೂ ಅತ್ಯಂತ ಚಿಕ್ಕ ಅವಧಿಯನ್ನೇ ಇಡಬಾರದೇಕೆ? ಸಾಯುವುದಕ್ಕೂ ಮಾತು ತಡವಾಗುವುದಕ್ಕೂ ವ್ಯತ್ಯಾಸವುಂಟು. ಬದಲಿ ಹಾದಿಯು ರೇಡಿಯೋ ಮೂಲಕವೋ ಉಪಗ್ರಹದ ಮೂಲಕವೋ ಇದ್ದು ಆಷಾಢದ ಮಳೆ ಹಿಡಿದಿದ್ದರೆ ಒಂದೆರಡು ಪ್ಯಾಕೆಟ್ಟುಗಳು ತಪ್ಪುವುದು ಸಹಜ. ಅವಧಿ ತೀರ ಚಿಕ್ಕದಾದರೆ ಅಷ್ಟಕ್ಕೇ ಹಾದಿ ಸತ್ತಿತೆಂದು ಘೋಷಣೆ. ಮರುಗಳಿಗೆಯಲ್ಲಿ ಬದುಕಿತೆಂದು ಘೋಷಣೆ. ಹೀಗೆ ಹಾದಿಗಳು ಅತ್ತಿತ್ತ ತೂಗಾಡತೊಡಗಿದರೆ, ಒಂದೇ ಕಡೆ ಮೂರು ನಿಮಿಷ ನಿಂತಿದ್ದಕ್ಕಿಂತ ಹೆಚ್ಚು ಹಾನಿಯಾಗುತ್ತದೆ. ಪಹಣಿಯ ಕಿಟಕಿಯಲ್ಲಿ ನಿಂತವನಿಗೆ ನಾಲ್ಕು ಸೆಕೆಂಡಿನ ತಡೆ ತಿಳಿಯುವುದೂ ಇಲ್ಲ. ಷೇರುಪೇಟೆಯ ಅಳತೆಗೋಲನ್ನು ತಾಲ್ಲೂಕು ಕಚೇರಿಗೆ ತರಬೇಕಾಗಿಲ್ಲ.

ಹಿಂದಿರುಗುವಿಕೆಯ ವಿಷಯವೂ ಇದಕ್ಕೆ ಸೇರಿದ್ದೇ. ಸತ್ತಿದ್ದ ಮೊದಲ ರೂಟರು ಮತ್ತೆ ಎದ್ದೊಡನೆ ತನ್ನ ಅಂಕ 120 ಎಂದು ಪೀಠವನ್ನು ಕಿತ್ತುಕೊಳ್ಳುತ್ತದೆ. ಆದರೆ ಆಗತಾನೆ ಎದ್ದ ರೂಟರಿಗೆ ಹೊರಗಿನ ಹಾದಿಗಳ ಪರಿಚಯ ಇನ್ನೂ ಆಗಿರುವುದಿಲ್ಲ. ನೆರೆಯವರಿಂದ ಕೇಳಿ ತಿಳಿಯಲು ಅದಕ್ಕೆ ಕೆಲವು ಸೆಕೆಂಡುಗಳಾದರೂ ಬೇಕು. ಆ ಅಂತರದಲ್ಲಿ ಬಂದ ಪ್ಯಾಕೆಟ್ಟುಗಳು ವ್ಯರ್ಥವಾಗುತ್ತವೆ. ಕೆಟ್ಟದ್ದಕ್ಕಿಂತ ಸರಿಹೋದದ್ದೇ ತೊಂದರೆ ಕೊಟ್ಟಿತೆಂಬ ವಿಚಿತ್ರ ದೂರು ಹುಟ್ಟುವುದು ಹೀಗೆ. ಎದ್ದ ಮೇಲೆ ಎರಡು ಮೂರು ನಿಮಿಷ ಕಾದು ಪೀಠವನ್ನು ಕೇಳಬೇಕೆಂದು ವಿಧಿಸುವುದು ಇದಕ್ಕೆ ಮದ್ದು.

ಒಂದೇ ರೂಟರಿರುವ ಗ್ರಾಮ ಪಂಚಾಯತಿ

ಆನವಟ್ಟಿಯಂತಹ ದೊಡ್ಡ ಊರನ್ನು ಬಿಟ್ಟು ಒಳಗಿನ ಪಂಚಾಯತಿಗಳಿಗೆ ಹೋದರೆ ಎರಡು ರೂಟರುಗಳ ಮಾತೇ ದುಬಾರಿ. ಅಲ್ಲಿ ಒಂದು ರೂಟರು, ಎರಡು ಹಾದಿ: ಕೇಬಲ್ಲು ಒಂದು, ಮೊಬೈಲ್ ಕಂಪೆನಿಯ ಸಿಮ್ ಒಂದು. ಎರಡಕ್ಕೂ ಹಾದಿಯ ಆದೇಶಗಳನ್ನು ಬರೆದು, ಕೇಬಲ್ಲಿನದಕ್ಕೆ ದರ್ಜೆ 1, ಸಿಮ್ಮಿನದಕ್ಕೆ ದರ್ಜೆ 250 ಎಂದು ಕೊಡುತ್ತಾರೆ. ಮೊದಲನೆಯದು ಇರುವವರೆಗೆ ಎರಡನೆಯದು ತೇಲುತ್ತ ಕಾದಿರುತ್ತದೆ. ಮೊದಲನೆಯದನ್ನು ಪರೀಕ್ಷಿಸಲು ದೂರದ ಒಂದು ವಿಳಾಸಕ್ಕೆ ಆಗಾಗ್ಗೆ ಪಿಂಗ್ ಕಳುಹಿಸುತ್ತಿರಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಕೇಬಲ್ಲು ಕೆಟ್ಟಿತು, ಪಿಂಗಿಗೆ ಉತ್ತರವಿಲ್ಲ, ರೂಟರು ಸಿಮ್ಮಿನ ಹಾದಿಗೆ ತಿರುಗಿತು. ಈಗ ಪರೀಕ್ಷೆಯ ಪಿಂಗು ಸಹ ಸಿಮ್ಮಿನ ಹಾದಿಯಲ್ಲಿಯೇ ಹೋಗುತ್ತದೆ, ಉತ್ತರ ಬರುತ್ತದೆ! ಕೇಬಲ್ಲು ಸರಿಹೋಯಿತೆಂದು ತಿಳಿದು ರೂಟರು ಹಿಂದಿರುಗುತ್ತದೆ, ಮತ್ತೆ ಉತ್ತರವಿಲ್ಲ, ಮತ್ತೆ ಸಿಮ್ಮಿಗೆ. ಇದು ಕೇಬಲ್ಲು ಸರಿಯಾಗುವವರೆಗೂ ನಡೆಯುತ್ತದೆ. ಪರೀಕ್ಷೆಯ ವಿಳಾಸಕ್ಕೆ ಹೋಗುವ ಹಾದಿಯನ್ನು ಕೇಬಲ್ಲಿಗೇ ಖಾಯಂ ಆಗಿ ಕಟ್ಟಿಹಾಕಿ, ಅದು ಎಂದಿಗೂ ಸಿಮ್ಮಿನ ಕಡೆ ಹೊರಳದಂತೆ ಮಾಡಿದರೆ ಮಾತ್ರ ಈ ತೂಗಾಟ ನಿಲ್ಲುತ್ತದೆ. ಆ ವಿಳಾಸವೂ ಕಂಪೆನಿಯವರ ಮೊದಲ ಪೆಟ್ಟಿಗೆಯದಾಗಿರದೆ ಶಿವಮೊಗ್ಗದಾಚೆಯದಾಗಿರಬೇಕು. ಬಾಗಿಲವರೆಗೆ ದಾರಿ ಸರಿಯಿದೆಯೆಂದರೆ ಊರವರೆಗೆ ಸರಿಯಿದೆಯೆಂದಾಗದಷ್ಟೆ.

ಪ್ರಯೋಗಶಾಲೆಗೆ

ಕೆರೆಯ ಕೋಡಿಯನ್ನು ವರ್ಷಕ್ಕೊಮ್ಮೆ ಮಳೆಯೇ ಪರೀಕ್ಷಿಸುತ್ತದೆ. ಸಹಾಯಕ ರೂಟರಿಗೆ ಅಂತಹ ಮಳೆಗಾಲವಿಲ್ಲ. ಅದರ ಬ್ಯಾಟರಿ ಒಣಗಿದ್ದರೂ, ಸಿಮ್ಮಿನ ಹಣ ಮುಗಿದಿದ್ದರೂ, ಒಂದು ವರ್ಷ ಯಾರಿಗೂ ತಿಳಿಯದು. ಆದುದರಿಂದ ಮೂರು ತಿಂಗಳಿಗೊಮ್ಮೆ, ಕಚೇರಿಯ ಬಿಡುವಿನ ವೇಳೆಯಲ್ಲಿ, ಮುಖ್ಯ ತಂತಿಯನ್ನು ಬೇಕೆಂದೇ ಕೀಳಬೇಕು. ಏನಾಯಿತೆಂಬುದನ್ನು ದಿನಾಂಕಸಹಿತ ಬರೆದಿಡಬೇಕು. ಹಾಗೆ ಕೀಳಲು ಅಧಿಕಾರಿಗಳು ಹೆದರುವುದಾದರೆ ಅವರಿಗೆ ತಮ್ಮ ಬದಲಿ ವ್ಯವಸ್ಥೆಯಲ್ಲಿ ನಂಬಿಕೆಯಿಲ್ಲವೆಂದೇ ಅರ್ಥ. ಆ ಹೆದರಿಕೆಗೆ ಕಾರಣವಿರುವುದೂ ಉಂಟು.

ಕಾಲೇಜುಗಳಲ್ಲಿ ಈ ವಿಷಯವನ್ನು ಪಾಠದಿಂದ ಕಲಿಸುವುದಕ್ಕಿಂತ ಪ್ರಯೋಗದಿಂದ ಕಲಿಸುವುದು ಸುಲಭ. ಬೆಲೆಬಾಳುವ ರೂಟರುಗಳು ಬೇಕಿಲ್ಲ. ಲಿನಕ್ಸ್ ಹಾಕಿದ ಹಳೆಯ ಗಣಕಗಳು ನಾಲ್ಕು, ಸಾಮಾನ್ಯ ಸ್ವಿಚ್ಚುಗಳು ಎರಡು ಇದ್ದರೆ ಸಾಕು. ವಿಆರ್‌ಆರ್‌ಪಿಗೆ ಕೀಪ್‌ಅಲೈವ್‌ಡಿ, ಓಎಸ್‌ಪಿಎಫ್‌ಗೆ ಎಫ್‌ಆರ್‌ಆರ್ ಎಂಬ ತಂತ್ರಾಂಶಗಳು ಬೆಲೆಯಿಲ್ಲದೆ ದೊರೆಯುತ್ತವೆ. ಒಂದು ಗಣಕವು ಕಚೇರಿ, ಎರಡು ರೂಟರುಗಳು, ನಾಲ್ಕನೆಯದು ಬೆಂಗಳೂರು. ಕಚೇರಿಯಿಂದ ಬೆಂಗಳೂರಿಗೆ ಸೆಕೆಂಡಿಗೊಂದು ಪಿಂಗ್ ಹೋಗುತ್ತಿರಲಿ. ಮೊದಲು ಕಾರ್ಯನಿರತ ರೂಟರಿನ ವಿದ್ಯುತ್ತನ್ನು ತೆಗೆದರೆ ಮೂರು ನಾಲ್ಕು ಉತ್ತರಗಳು ತಪ್ಪಿ ಮತ್ತೆ ಬರತೊಡಗುವುದನ್ನು ವಿದ್ಯಾರ್ಥಿ ಕಣ್ಣಾರೆ ಕಾಣುತ್ತಾನೆ. ಅನಂತರ ವಿದ್ಯುತ್ತನ್ನು ಬಿಟ್ಟು ಅದರ ಹೊರತಂತಿಯನ್ನು ಮಾತ್ರ ಕೀಳಬೇಕು, ಕಳೆಯುವ ಅಂಕವನ್ನು ಮೊದಲು 10 ಎಂದೂ ಆಮೇಲೆ 30 ಎಂದೂ ಇಟ್ಟು. ಮೊದಲ ಸಲ ಉತ್ತರಗಳು ಬರುವುದೇ ಇಲ್ಲ. ಎರಡನೆಯ ಸಲ ಬರುತ್ತವೆ. ಕೊನೆಯ ಪ್ರಯೋಗಕ್ಕೆ ಒಳಗಿನ ಕಡೆ ಎರಡು ಸ್ವಿಚ್ಚುಗಳನ್ನು ಒಂದು ತಂತಿಯಿಂದ ಕೂಡಿಸಿ, ಒಂದೊಂದಕ್ಕೂ ಒಂದೊಂದು ರೂಟರನ್ನು ಜೋಡಿಸಿ, ನಡುವಣ ತಂತಿಯನ್ನು ಕತ್ತರಿಸಬೇಕು. ಎರಡು ರೂಟರುಗಳಿಗೂ ಪರಸ್ಪರರ ಸಾರುವಿಕೆ ಕೇಳುವುದಿಲ್ಲ. ಎರಡೂ ತಾವೇ ಪೀಠಸ್ಥರೆಂದು ಒಂದೇ ವಿಳಾಸಕ್ಕೆ ಓಗೊಡತೊಡಗುತ್ತವೆ. ಕಚೇರಿಯಿಂದ ಹೊರಟ ಪ್ಯಾಕೆಟ್ಟು ಒಂದರಿಂದ ಹೋಗಿ, ಉತ್ತರವು ಇನ್ನೊಂದರಿಂದ ಬಂದು, ಅತ್ತ ಸ್ವಿಚ್ಚಿನಲ್ಲಿ ಕಚೇರಿಯನ್ನು ಕಾಣದೆ ನಿಂತುಬಿಡುವುದುಂಟು. ಹೊರಗಿನಿಂದ ನೋಡಿದರೆ ಎಲ್ಲ ದೀಪಗಳೂ ಹಸಿರಾಗಿಯೇ ಇರುತ್ತವೆ. ಎರಡು ರೂಟರುಗಳ ದಿನಚರಿಯನ್ನು ಅಕ್ಕಪಕ್ಕದಲ್ಲಿಟ್ಟು ಓದಿದಾಗ ಮಾತ್ರ, ಒಂದೇ ಸೆಕೆಂಡಿನಲ್ಲಿ ಎರಡೂ ತಮ್ಮನ್ನು ಕಾರ್ಯನಿರತವೆಂದು ಬರೆದುಕೊಂಡಿರುವುದು ಕಾಣಸಿಗುತ್ತದೆ.